ಈರುಳ್ಳಿ ಮಾತ್ರ ನಿನ್ನದು

ಮಾಂಕ್ಟನ್ ಊರಿನ ಭಾಷಾಂತರ ಕಚೇರಿ, ಮೂರನೇ ಮಹಡಿ.
ಇಂಗ್ಲಿಷಿನ ಹೇಳಿಕೆಗಳನ್ನು ಫ್ರೆಂಚಿಗೆ ಇಳಿಸುವುದು
ಓಜಿತ್ ಗೋಗೆನಳ ಕೆಲಸ, ಇಪ್ಪತ್ತೆರಡು ವರ್ಷದಿಂದ.

'ದೋಣಿಯಲ್ಲಿ ಜಾರಿ ನನ್ನ ತೋಳು ಮುರಿದೆ'
ಎಂದು ವಿಮೆಗೆ ಬರೆದಿದ್ದಾನೆ ಬೆಸ್ತ ಹಾಲಿಸ್.
ಅವಳು 'ನನ್ನ' ತೆಗೆಯುತ್ತಾಳೆ,
ಮೀನಿನ ಮುಳ್ಳು ತೆಗೆದಷ್ಟು ಸಲೀಸಾಗಿ:
ತೋಳು ಮುರಿದುಕೊಂಡೆ.
ಭುಜಕ್ಕೆ ಜೋತ ತೋಳು ಇನ್ಯಾರದಿದ್ದೀತು?

ನನ್ನ ತಾಳ್ಮೆ ಕಳೆದುಕೊಂಡೆ, ನನ್ನ ತಲೆ ಕೆಟ್ಟಿತು...
ಮುಳ್ಳು, ಮತ್ತೆ ಮುಳ್ಳು.
ಸಂಜೆಗೆ ಮೇಜಿನ ಅಂಚಿನಲ್ಲಿ
ಒಂದು ಗುಡ್ಡೆ ನನ್ನ, ನಿನ್ನ.

ಒಂದು ಕಡೆ ಮಾತ್ರ ಉಳಿಸಿಕೊಳ್ಳಬೇಕು.
'ನಿನ್ನ ಕೆಲಸ ನೀನು ನೋಡು' ಎಂದು ಇಂಗ್ಲಿಷು ಗದರಿದರೆ
ಫ್ರೆಂಚು ಗದರುವುದು:
'ನಿನ್ನ ಈರುಳ್ಳಿ ನೋಡಿಕೋ'.
ಕೈಕಾಲಿಗೆ ಪುರಾವೆ ಬೇಡ,
ಈರುಳ್ಳಿಗೆ ಬೇಕು.

ಇವತ್ತು ಹಾಲಿಸನದೇ ಇನ್ನೊಂದು ಕಡತ. ವಿಚ್ಛೇದನ.
ಅವನ ದೋಣಿ ಎನ್ನುತ್ತದೆ ಒಂದು ಸಾಲು,
ಅವಳ ದೋಣಿ ಎನ್ನುತ್ತದೆ ಮುಂದಿನದು.
ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಪದ.
ಒಡೆಯರ ಮುಖ ನೋಡುವುದಿಲ್ಲ ಅದು;
ದೋಣಿ ಗಂಡೋ ಹೆಣ್ಣೋ, ಅಷ್ಟೇ ಕೇಳುತ್ತದೆ.

ಬರೆದಳು. ಓದಿದಳು.
ಪುಟದ ತುಂಬ ಯಾರದೆಂದು ತಿಳಿಯದ
ಒಂದು ನೀಲಿ ದೋಣಿ.

ವಕೀಲರು ಒಪ್ಪುವುದಿಲ್ಲ.
ಪ್ರತಿ ಸಾಲಿಗೂ ಹೆಸರು ತುರುಕಬೇಕು,
ಹಾಲಿಸನದು, ನೋಯೆಲಾಳದು.

ತುರುಕುತ್ತಾಳೆ, ಕಾಫಿ ಕುಡಿದು ಬಂದು.
ಇವತ್ತು ಸಕ್ಕರೆ ಸ್ವಲ್ಪ ನಿಧಾನವಾಗಿ
ಕಲಕುತ್ತಿದ್ದಾಳೆ.