ಸವೆದ ಚಾಕು

ಅತ್ತೆಯ ಕಾಲಕ್ಕೆ ಇದು ಹಂದಿ ಕೊಯ್ಯುವ ಚಾಕು,
ಅಂಗೈ ಅಗಲ.
ಈಗ ಒಬ್ದೂಲಿಯಾಳ ಕಿರುಬೆರಳಿಗಿಂತ ಸಪೂರ;
ಚೆಸ್ಟ್‌ನಟ್ ಸಿಪ್ಪೆಗೆ, ಆಲೂಗಡ್ಡೆಯ ಕಣ್ಣು ಕೀಳುವುದಕ್ಕೆ
ಇದರಷ್ಟು ಒದಗುವುದು ಇನ್ನೊಂದಿಲ್ಲ.

ಒರೆನ್ಸೆಯ ಓಣಿಯಲ್ಲಿ ಸಾಣೆಯವನ ಪೀಪಿ ಕೇಳಿದರೆ
ಏಪ್ರನ್ನಿನಲ್ಲೇ ಮೆಟ್ಟಿಲಿಳಿಯುತ್ತಾಳೆ.
'ಇನ್ನೆರಡು ಸಲ ಸಾಣೆ ಹಿಡಿದರೆ
ಹಿಡಿಯೊಂದೇ ಉಳಿಯುತ್ತೆ, ಅಜ್ಜಿ!'
'ಹಿಡಿಯೂ ಮೂರನೆಯದು ಕಣಪ್ಪ. ನೀನು ಚಕ್ರ ತುಳಿ.'

ಮಗಳು ಹೊಸ ಚಾಕುಗಳ ಪೆಟ್ಟಿಗೆ ತಂದಿದ್ದಳು.
ಅದರ ಅಂಟುಪಟ್ಟಿ ಸೀಳಿದ್ದೂ ಇದೇ.

ಉಳಿದ ಕಬ್ಬಿಣ ಎಲ್ಲಿ ಹೋಯಿತು?
ಸ್ವಲ್ಪ ಸಾಣೆಕಲ್ಲಿಗೆ, ಸ್ವಲ್ಪ ಕಿಡಿಯಾಗಿ ಗಾಳಿಗೆ.
ಮಿಕ್ಕದ್ದು,
ಅರವತ್ತು ವರ್ಷದ ಸೂಪಿನಲ್ಲಿ
ಮನೆಮಂದಿಯೆಲ್ಲ ತಿಂದು ಮುಗಿಸಿದ್ದೇವೆ
ಎನ್ನುತ್ತಾಳೆ,
ಒರೆಸಿ ಒಳಗಿಡುತ್ತಾ.