ಬಲೆಯ ಕಣ್ಣಿಗಿಂತ ಸಣ್ಣದು

ಬೈತಕೋಲದ ಶಾಲೆ, ಬಿಸಿಯೂಟದ ಕೋಣೆ.
ಸಾರಿನ ವಾಸನೆ ಇನ್ನೂ ಹೋಗಿಲ್ಲ.
ಮೇಜಿನ ಮೇಲೆ ನನ್ನ ಸ್ಕ್ಯಾನಿಂಗ್ ಯಂತ್ರ,
ಗೋಡೆಗೆ ಅಂಟಿಸಿದ ಎತ್ತರದ ಟೇಪು,
ಕಿಟಕಿಯಾಚೆ ದೋಣಿಗಳ ಡೀಸೆಲು ಹೊಗೆ.

ಇವತ್ತು ಯಾರಿಗೂ ಏನೂ ಆಗಿಲ್ಲ.
ಅದೇ ವಿಶೇಷ.
ಹತ್ತೊಂಬತ್ತು ವರ್ಷ ಆಸ್ಪತ್ರೆಯ ಕತ್ತಲಕೋಣೆಯಲ್ಲಿ
ಗಡ್ಡೆ, ಕಲ್ಲು, ನೀರು ಹುಡುಕಿದ ಕೈ ನನ್ನದು;
ಏನೂ ಆಗದ ಮಕ್ಕಳ ಕೊರಳಲ್ಲಿ
ಇರುವುದನ್ನಷ್ಟೇ ಅಳೆ ಎಂದರೆ
ಎಲ್ಲಿ ನಿಲ್ಲಬೇಕೆಂದು ಮೊದಲಿಗೆ ಕೈಗೇ ತಿಳಿಯಲಿಲ್ಲ.

"ಲೋಳೆಮೀನು ಮುಟ್ಟಿದ ಹಾಗದೆ ಬಾಯೋರೇ,"
ಜೆಲ್ ಹಚ್ಚಿದ್ದೇ ಹೆಗಲು ಕುಗ್ಗಿಸಿದ
ರೋಹಿದಾಸ ತಾಂಡೇಲ,
ವಯಸ್ಸು ಎಂಟು, ತೂಕ ಇಪ್ಪತ್ತೊಂದು ಕಿಲೋ.

ಪರದೆಯ ಮೇಲೆ ಎರಡು ಕಪ್ಪು ಬೊಟ್ಟು.
ಮೆಲ್ಲಗೆ ಒತ್ತಿದರೆ ಒಂದು ಮುಚ್ಚಿಕೊಳ್ಳುತ್ತದೆ, ಅದು ಸಿರೆ.
ಇನ್ನೊಂದು ಒತ್ತಿದಷ್ಟೂ ಮಿಡಿಯುತ್ತದೆ,
ಹಟಮಾರಿ, ಅದು ಧಮನಿ.
ಸಿರೆಯ ಈ ಗೋಡೆಯಿಂದ ಆ ಗೋಡೆಗೆ ಚುಕ್ಕೆಗೆರೆ ಎಳೆದೆ:
ಏಳು ಮಿಲಿಮೀಟರು, ಚಿಲ್ಲರೆ.
"ಏಳು ಅಂದ್ರೆ ಎಷ್ಟು?"
ಬೆರಳೆರಡನ್ನು ಹತ್ತಿರ ತಂದು ತೋರಿಸಿದೆ.
"ಓ, ಶೆಟ್ಲಿ ಬಲೆ ಕಣ್ಣಿಗಿಂತ ಸಣ್ಣದು."

ನನ್ನಪ್ಪ ಬಿದಿರ ಪಟ್ಟಿಗೆ ನೂಲು ಸುತ್ತಿ ಬಲೆ ಹೆಣೆಯುತ್ತಿದ್ದ.
ಒಂದು ಕಣ್ಣು ಬಿಗಿಯಾದರೂ ಇಡೀ ಸಾಲು ಬಿಚ್ಚುತ್ತಿದ್ದ.
ಅಳತೆ ತಪ್ಪಿದರೆ ಸಿಕ್ಕಿಬೀಳುವುದು ಮರಿಗಳು, ಅನ್ನುತ್ತಿದ್ದ.

"ಉಸಿರು ಹಿಡಿ" ಎಂದೆ.
ಹಿಡಿದ. ಸಿರೆ ಉಬ್ಬಿತು,
ಭರತದ ಹೊತ್ತಿನ ಕಾಳಿ ಅಳಿವೆಯ ಹಾಗೆ.
ಬರೆದೆ, ಮತ್ತೊಮ್ಮೆ ಅಳೆದೆ, ದಶಾಂಶ ತಿದ್ದಿದೆ.
ಬಿಡು ಎನ್ನುವುದೇ ಮರೆತಿದ್ದೆ.
ಹುಡುಗ ಕಣ್ಣರಳಿಸಿ ಕಾಯುತ್ತಲೇ ಇದ್ದ.
ಅವನಪ್ಪ ನದಿಯ ತಳಕ್ಕೆ ಮುಳುಗಿ ಬಳಚು ತೆಗೆಯುವವನಂತೆ;
ಉಸಿರು ಆ ಮನೆಯ ಕಸುಬು.

ಪುಸ್ತಕದಲ್ಲಿ ಅಂಕಿಗಳಿವೆ, ದೂರದೇಶದ ಮಕ್ಕಳದ್ದು.
ಕಳೆದ ಆಷಾಢದ ಒಂದು ರಾತ್ರಿ
ಜ್ವರಕ್ಕೆ ಒಣಗಿದ್ದ ಐದು ವರ್ಷದವಳನ್ನು ಮಲಗಿಸಿ
ಎಷ್ಟು ದಪ್ಪದ ನಳಿಕೆ ಹಿಡಿಸೀತು ಎಂದು ಡಾಕ್ಟರು ಕೇಳಿದಾಗ
ನನ್ನ ಬಳಿ ಯಂತ್ರವಿತ್ತು. ಉತ್ತರವಿರಲಿಲ್ಲ.
ಒಂಬತ್ತು ಸಲ ಚುಚ್ಚಿದರು.
ಬದುಕಿದಳು.

ಅವಳೇ ಇವಳು, ಪ್ರಾಪ್ತಿ ಹರಿಕಂತ್ರ,
ಸಾಲಿನಲ್ಲಿ ನಲವತ್ತೆರಡನೆಯವಳು, ಬಾಗಿಲ ಮರೆಯಲ್ಲಿ.
ಹಾಳೆಯಲ್ಲಿ ತಾಯಿಯ ಸಹಿ ಇದೆ. ಅವಳದಿಲ್ಲ.
"ಸೂಜಿ ಇಲ್ಲ ಮಗಾ. ಬರೀ ಶಬ್ದ,
ನಮಗೆ ಕೇಳಿಸದ ಶಬ್ದ."
"ಕೇಳಿಸ್ದೇ ಇದ್ರೆ ಅದೆಂತ ಶಬ್ದ?"
ಇದಕ್ಕೂ ನನ್ನಲ್ಲಿ ಉತ್ತರವಿಲ್ಲ.
ಅವಳ ಹೆಸರಿನ ಮುಂದೆ ಸಣ್ಣ ಗೆರೆ ಎಳೆದು
ತಂತಿ ಸುತ್ತತೊಡಗಿದೆ.

ಆಗ ಬಂದಳು.
ನನ್ನ ಕೈಯಿಂದ ಯಂತ್ರದ ಹಿಡಿ ಕಿತ್ತುಕೊಂಡು
ನನ್ನ ಕೊರಳಿಗೇ ಇಟ್ಟಳು,
ಜೆಲ್ ಹಚ್ಚುವುದನ್ನೂ ಮರೆಯಲಿಲ್ಲ.
ಗಟ್ಟಿಯಾಗಿ ಒತ್ತಿದಳು.
ಒಂದು ಮುಚ್ಚಿತು, ಇನ್ನೊಂದು ಮಿಡಿಯಿತು.
"ನೋಯ್ತದಾ?"
ಇಲ್ಲ ಅಂದೆ. ನಂಬಲಿಲ್ಲ.
ಇನ್ನೂ ಒತ್ತಿ, ಪರದೆಯನ್ನು ಬಿಟ್ಟು
ನನ್ನ ಮುಖವನ್ನೇ ನೋಡಿದಳು.

"ಉಸಿರು ಹಿಡಿ" ಅಂದಳು.
ಹಿಡಿದೆ.
ಬಿಡು ಎನ್ನಲು ಅವಳಿಗೇನೂ ಅವಸರವಿರಲಿಲ್ಲ.