ಕುಠ್ಠಾಳಿಯಲ್ಲಿ ಮೂರನೆಯ ಬೋಟು

ಮೊದಲನೆಯದಕ್ಕೆ ಹೊಸ ಬಣ್ಣ ಬಳಿದಿದ್ದರು.
ಎಂಜಿನ್ನಿಗೂ ಬಳಿದಿದ್ದರು, ಅಲ್ಲೇ ಅನುಮಾನ.
ಡಿಪ್‌ಸ್ಟಿಕ್ ಎಳೆದರೆ ಎಣ್ಣೆಯ ಬದಲು
ಹಾಲು ಹೆಚ್ಚಾದ ಚಹಾ.
ಒಳಗೆಲ್ಲೋ ನೀರು ಸೇರಿದೆ, ಎಂದೆ.
ಸೆಕೆಗೆ ಬೆವರಿರಬಹುದು, ಎಂದ ಮಾರುವವ.

ಎರಡನೆಯದು ಹೋಟೆಲಿನವರದ್ದು.
ಜೋಡಿ ಎಂಜಿನ್, ಬಿಳಿ ಸೋಫಾ, ಹಾಡಿನ ಪೆಟ್ಟಿಗೆ,
ಗಂಟೆಗೆ ನಲವತ್ತು ಲೀಟರ್.
ಅರ್ಧ ದಿನ ಹಾರಿ, ಉಳಿದರ್ಧ ದಿನ
ಡೀಸೆಲ್ ಪಂಪು ಹುಡುಕುವ ಜಾತಿ.
ನನಗೆ ಬೇಕಾದದ್ದು ಎತ್ತಿನ ನಡಿಗೆ:
ಆರು ನಾಟ್, ನಾಲ್ಕು ಲೀಟರ್,
ಬೆಳಗಿನಿಂದ ಮರುಬೆಳಗಿನವರೆಗೆ ಒಂದೇ ಗೊಣಗು.

ಮೂರನೆಯದು ರೊಜಾರಿಯೊ ಫಲೇರೊ ಅವರದ್ದು.
ಮೂವತ್ತನಾಲ್ಕು ಅಡಿ, ಒಂದು ಕಾಲಕ್ಕೆ ಬಂದರಿನ ಪೈಲಟ್ ಬೋಟು.
ಇಳಿತದಲ್ಲಿ, ಸೇತುವೆಯ ನೆರಳಿನ ಕೆಸರ ಮೇಲೆ
ಎಮ್ಮೆಯ ಹಾಗೆ ಒಂದು ಮಗ್ಗುಲಿಗೆ ಒರಗಿತ್ತು.
ಮೊಣಕಾಲು ಹೂತುಕೊಂಡು ಸುತ್ತ ನಡೆದೆ,
ಮರದ ಸುತ್ತಿಗೆಯಲ್ಲಿ ತಟ್ಟುತ್ತ,
ಕಲ್ಲಂಗಡಿ ಕೊಳ್ಳುವವನ ಹಾಗೆ ಕಿವಿಯಿಟ್ಟು.
ಎಡಕ್ಕೆ, ಚುಕ್ಕಾಣಿಯ ಹತ್ತಿರ, ಅಂಗೈಯಗಲದ ಜಾಗದಲ್ಲಿ
ದನಿ ಸತ್ತಿತ್ತು.
ಸೀಮೆಸುಣ್ಣದಲ್ಲಿ ವೃತ್ತ ಬರೆದೆ.
ಫಲೇರೊ ಅದನ್ನು ದಿಟ್ಟಿಸಿದರು, ಒರೆಸಲಿಲ್ಲ.
ಅರ್ಧ ನಂಬಿಕೆ ಬಂದದ್ದು ಆಗ.

ಭರತ ಬರುವವರೆಗೆ ಕಾದೆವು.
ನಾನು ಬರುವ ಮೊದಲು ಸ್ಟಾರ್ಟ್ ಮಾಡಕೂಡದು ಎಂದಿದ್ದೆ;
ಬ್ಲಾಕಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು.
ಎರಡನೇ ಸುತ್ತಿಗೆ ಹಿಡಿಯಿತು.
ಬಿಳಿ ಹೊಗೆ ಒಂದು ನಿಮಿಷ,
ಆಮೇಲೆ ಏನೂ ಇಲ್ಲ.
ಏನೂ ಇಲ್ಲದ ಹೊಗೆ ಎಷ್ಟು ಚೆಂದವೆಂದು
ಎಂಜಿನ್ ಕೋಣೆಯವರಿಗೆ ಗೊತ್ತು.

ಒಬ್ಬರೇ ಹೋಗ್ತೀರಾ?
ಬರುವವರಿದ್ದರೆ ದೊಡ್ಡದು ನೋಡುತ್ತಿದ್ದೆ.
ಎಲ್ಲಿಗೆ?

ಇಪ್ಪತ್ತೊಂಬತ್ತು ವರ್ಷ
ಸಾವರ್ಡೆಯಿಂದ ಬಾರ್ಜಿನ ತುಂಬ ಕೆಂಪು ಅದಿರು ತಂದು
ಮುರಗಾವಿನ ಹೊರಗೆ ನಿಂತ ಹಡಗಿನ ಹೊಟ್ಟೆಗೆ ಸುರಿದವನು ನಾನು.
ಪ್ರತಿ ಸಲವೂ ಹಡಗು ಆ ಕಡೆ, ನಾನು ಈ ಕಡೆ.
ಇದನ್ನು ಹೇಳಲಿಲ್ಲ.
ಮೊದಲು ಕಾರವಾರ, ಎಂದೆ.
ನಕ್ಕರು. ಕಾರವಾರಕ್ಕೆ ಬಸ್ಸಿದೆಯಲ್ಲ.

ಮುಂದೆ ನಾನು ಮಾಡಿದ್ದು ನೋಡಿ ಆ ನಗು ನಿಂತಿತು.
ಗೇರನ್ನು ನ್ಯೂಟ್ರಲ್ಲಿಗೆ ತಂದು, ಚಪ್ಪಲಿ ಬಿಟ್ಟು,
ಕನ್ನಡಕ ಅವರ ಕೈಗೆ ಕೊಟ್ಟು,
ಅಂಗಿ ಪ್ಯಾಂಟಿನ ಸಮೇತ ಜುವಾರಿಗೆ ಹಾರಿದೆ.

ಒಂಟಿ ಹೋಗುವವನು ಬೋಟನ್ನು ಕೇಳಲೇಬೇಕಾದದ್ದು:
ಬಿದ್ದರೆ ಹತ್ತಿಸಿಕೊಳ್ಳುತ್ತೀಯಾ?

ಹತ್ತಿಸಿಕೊಳ್ಳಲಿಲ್ಲ.
ಬೆರಳ ತುದಿಗೆ ಅಂಚು ಸಿಕ್ಕಿತು, ಮೊಣಕೈಗೆ ಸಿಗಲಿಲ್ಲ.
ಅರವತ್ತೊಂದರ ತೋಳು, ಅದಕ್ಕೂ ಮಿಗಿಲಾದ ಹೊಟ್ಟೆ.
ಮೂರು ಸಲ ಜಾರಿ, ಟೈರಿಗೆ ಜೋತುಬಿದ್ದೆ.
ಮೇಲೆ ಫಲೇರೊ, ಮುಖದಲ್ಲೊಂದು ಕೈಯಲ್ಲೊಂದು ಕನ್ನಡಕ,
ಸಾಯ್ಬಾ, ಸಾಯ್ಬಾ ಎನ್ನುತ್ತ ದೇವರನ್ನು ಕರೆಯುತ್ತಿದ್ದರು.

ಕಿವಿ ನೀರಲ್ಲಿ ಮುಳುಗಿತ್ತು.
ಅಲ್ಲಿ ಎಂಜಿನ್ನಿನ ಮಾತೇ ಬೇರೆ:
ಒಂದೇ ಒರಳಿಗೆ ನಾಲ್ವರು ಕುಟ್ಟುತ್ತಿದ್ದಾರೆ,
ಒಬ್ಬರ ಒನಕೆ ಒಬ್ಬರಿಗೆ ತಾಗದೆ.
ಬಾರ್ಜಿನ ಮೇಲಿಂದ ಈ ನದಿಯನ್ನು ನೋಡಿದ್ದೆ,
ನದಿಯೊಳಗಿಂದ ಏನನ್ನೂ ನೋಡಿರಲಿಲ್ಲ.
ಎಷ್ಟು ಎತ್ತರ, ಒಂದು ಸಣ್ಣ ಬೋಟು.

ಫಲೇರೊ, ವೆಲ್ಡಿಂಗಿನ ಹುಡುಗ, ಒಂದು ಹಗ್ಗ;
ಅಂತೂ ಮೇಲೆ ಬಂದೆ.
ತೊಟ್ಟಿಕ್ಕುತ್ತ ಕೂತು ಬೆಲೆ ಮಾತಾಡಿದೆ.
ಹನ್ನೊಂದು ಲಕ್ಷ ಎಂದರು.
ವೃತ್ತವನ್ನು ನೆನಪಿಸಿದೆ; ಹತ್ತಾಯಿತು.
ಕನ್ನಡಕ ವಾಪಸು ಕೊಡುತ್ತ ಅವರೇ ಅಂದರು:
ಏಣಿ ನನ್ನ ಲೆಕ್ಕಕ್ಕೆ.

ಹುಡುಗ ಟೇಪು ಹಿಡಿದು ಬಂದ.
ಬೋಟಿನತ್ತ ನೋಡಲೂ ಇಲ್ಲ, ನನ್ನೆದುರು ಕುಕ್ಕರಗಾಲಲ್ಲಿ ಕೂತ.
ಕಾಲೆತ್ತಿ, ಎಂದ.
ಎತ್ತಿದೆ.
ಇಷ್ಟೇನಾ?
ಇಷ್ಟೇ, ಎಂದೆ. ಬರೆದುಕೊಂಡ.